ವಿಷವಾಯುವಿನ ವಿಪತ್ತಿನಲ್ಲಿ ಜನವಸತಿಯ ರಕ್ಷಣೆ: ಗಾಂಧಿ ಬಜಾರಿನ ನಿದರ್ಶನ

ಬೆಂಗಳೂರು ಪೇಟೆಗೆ ಪ್ಲೇಗು ಕಾಲಿಟ್ಟದ್ದು ೧೮೯೮ರ ಆಗಸ್ಟಿನಲ್ಲಿ. ಇಕ್ಕಟ್ಟಾದ ಕೇರಿಗಳು, ಬೆಳಕು ಕಾಣದ ಕೋಣೆಗಳು, ಒಂದರ ಗೋಡೆಗೊಂದು ಆತುಕೊಂಡ ಮನೆಗಳು ಇವೇ ರೋಗದ ತವರೆಂದು ಅಂದಿನ ಅಧಿಕಾರಿಗಳು ಬಗೆದರು. ಅದರ ಫಲವಾಗಿ ಪೇಟೆಯ ವಾಯವ್ಯಕ್ಕೆ ಮಲ್ಲೇಶ್ವರವೂ ದಕ್ಷಿಣಕ್ಕೆ ಬಸವನಗುಡಿಯೂ ಬೆಳೆದುವು. ನೇರವಾದ ಅಗಲ ಬೀದಿಗಳು, ಮನೆಗಳ ಹಿಂದೆ ಓಣಿಗಳು, ಮನೆಗೂ ಮನೆಗೂ ನಡುವೆ ಬಯಲು, ಗೋಡೆಯ ನೆತ್ತಿಯಲ್ಲಿ ಗವಾಕ್ಷಿಗಳು: ಎಲ್ಲವೂ ಒಂದೇ ಉದ್ದೇಶಕ್ಕೆ, ಗಾಳಿ ತಡೆಯಿಲ್ಲದೆ ಒಳಗೆ ಬಂದು ಹೊರಗೆ ಹೋಗಬೇಕು. ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂಬುದು ಲೋಕಕ್ಕೆಲ್ಲ ಖಚಿತವಾದದ್ದು ಆಮೇಲೆ. ಕಾರಣವನ್ನು ಪೂರ್ತಿ ತಿಳಿಯದೆಯೇ ಕೈಗೊಂಡ ಆ ಏರ್ಪಾಡು ಒಳ್ಳೆಯದೇ ಆಯಿತೆಂಬುದನ್ನು ಬಸವನಗುಡಿಯಲ್ಲಿ ಬಾಳಿದ ಮೂರು ನಾಲ್ಕು ತಲೆಮಾರುಗಳು ಬಲ್ಲವು.

ಈ ಲೇಖನದಲ್ಲಿ ನಾವು ವಿಚಾರ ಮಾಡಹೊರಟಿರುವುದು ಇದಕ್ಕೆ ತಿರುಗುಮುರುಗಾದ ಒಂದು ಪ್ರಶ್ನೆಯನ್ನು. ಗಾಳಿಯನ್ನು ಒಳಗೆ ಬರಮಾಡಿಕೊಳ್ಳಲೆಂದೇ ಕಟ್ಟಿದ ಬಡಾವಣೆಯ ಮೇಲೆ ಒಂದು ದಿನ ಬರುವ ಗಾಳಿಯೇ ವಿಷವಾಗಿದ್ದರೆ ಅಲ್ಲಿಯ ಜನರು ಏನು ಮಾಡತಕ್ಕದ್ದು? ಯಾರು ಅವರಿಗೆ ತಿಳಿಸತಕ್ಕದ್ದು? ದಿನನಿತ್ಯದ ವಾಹನಗಳ ಹೊಗೆಯ ಮಾತು ಇಲ್ಲಿಯದಲ್ಲ. ಅದು ಬೇರೆ ವಿಚಾರ. ಕೆಲವು ಗಂಟೆಗಳಲ್ಲಿ ಬಂದು ಕೆಲವು ಗಂಟೆಗಳಲ್ಲಿ ಮುಗಿದುಹೋಗುವ, ಆದರೆ ಆ ಅವಧಿಯಲ್ಲೇ ಪ್ರಾಣ ತೆಗೆಯಬಲ್ಲ ಅನಿಲ ಮತ್ತು ಹೊಗೆಗಳು ಇಲ್ಲಿಯ ವಿಷಯ.

ಗಾಂಧಿ ಬಜಾರಿನಲ್ಲಿ ಯಾವ ಕಾರ್ಖಾನೆಯಿದೆ, ಹೂವು ಹಣ್ಣು ದೋಸೆಗಳ ಬೀದಿಗೆ ಈ ಭಯವೇಕೆ, ಎಂದು ವಾಚಕರು ಕೇಳಬಹುದು. ಗಾಳಿಗೆ ವಾರ್ಡುಗಳ ಎಲ್ಲೆ ಗೊತ್ತಿಲ್ಲ ಎಂಬುದೇ ಅದಕ್ಕೆ ಉತ್ತರ. ೨೦೨೦ರ ನವೆಂಬರ್ ೧೦ರಂದು ಮೈಸೂರು ರಸ್ತೆಯ ಬಳಿಯ ಹೊಸಗುಡ್ಡದಹಳ್ಳಿಯಲ್ಲಿ, ಮನೆಗಳ ನಡುವೆಯೇ ಇದ್ದ ಒಂದು ರಾಸಾಯನಿಕ ಗೋದಾಮಿಗೆ ಬೆಂಕಿ ಬಿದ್ದಿತು. ಉರಿಯುವ ದ್ರಾವಕಗಳ ಪೀಪಾಯಿಗಳು ಸಿಡಿದುವು. ಕಪ್ಪು ಹೊಗೆಯ ಕಂಬ ಬಹುದೂರಕ್ಕೆ ಕಾಣಿಸಿತು. ಸುತ್ತಲಿನ ಮನೆಗಳವರನ್ನು ಹೊರಡಿಸಬೇಕಾಯಿತು. ಆ ಸ್ಥಳ ಗಾಂಧಿ ಬಜಾರಿನಿಂದ ಪಶ್ಚಿಮಕ್ಕೆ, ತುಸು ವಾಯವ್ಯಕ್ಕೆ ಓರೆಯಾಗಿ, ಸುಮಾರು ೩ ಕಿಲೋಮೀಟರು. ಮರುವರ್ಷ, ೨೦೨೧ರ ಸೆಪ್ಟೆಂಬರ್ ೨೩ರಂದು, ಚಾಮರಾಜಪೇಟೆಗೆ ಸೇರಿದಂತಿರುವ ಹೊಸ ತರಗುಪೇಟೆಯಲ್ಲಿ ಸರಕು ಸಾಗಣೆಯ ಉಗ್ರಾಣವೊಂದರಲ್ಲಿ ಇಟ್ಟಿದ್ದ ಪಟಾಕಿ ಸ್ಫೋಟಿಸಿ ಪ್ರಾಣಹಾನಿಯಾಯಿತು. ಅಲ್ಲಿಗೂ ಗಾಂಧಿ ಬಜಾರಿಗೂ ನಡುವೆ ಇರುವುದು ಒಂದೂವರೆ ಕಿಲೋಮೀಟರು ಮಾತ್ರ. ಈ ಎರಡರಲ್ಲಿ ಒಂದೂ ಕಾರ್ಖಾನೆಯಲ್ಲ. ನಗರದ ಹಳೆಯ ಭಾಗದ ನಿಜವಾದ ಅಪಾಯ ಅಡಗಿರುವುದು ಚಿಮಣಿಯ ಕೆಳಗಲ್ಲ. ಫಲಕವಿಲ್ಲದ ಉಗ್ರಾಣಗಳಲ್ಲಿ, ಗುಜರಿ ಅಂಗಡಿಗಳಲ್ಲಿ, ರಾತ್ರಿ ಹಾದುಹೋಗುವ ಲಾರಿಗಳಲ್ಲಿ. ೨೦೨೪ರ ಜೂನಿನಲ್ಲಿ ಮೈಸೂರಿನ ಹಳೆಕೆಸರೆಯಲ್ಲಿ ಗುಜರಿ ಅಂಗಡಿಗೆ ಬಂದಿದ್ದ ಹಳೆಯ ಸಿಲಿಂಡರಿನಿಂದ ಕ್ಲೋರೀನ್ ಸೋರಿ ಹಲವರು ಆಸ್ಪತ್ರೆ ಸೇರಿದ್ದನ್ನು ಇದರೊಡನೆ ನೆನೆಯಬಹುದು.

ಹೊಸಗುಡ್ಡದಹಳ್ಳಿಯ ಬೆಂಕಿ ನವೆಂಬರಿನಲ್ಲಿ ಆಯಿತೆಂಬುದು ನಮ್ಮ ದೃಷ್ಟಿಯಲ್ಲಿ ಮುಖ್ಯವಾದ ಸಂಗತಿ. ಬೆಂಗಳೂರಿನಲ್ಲಿ ಗಾಳಿ ವರ್ಷದಲ್ಲಿ ಎರಡು ಸಲ ತನ್ನ ದಿಕ್ಕನ್ನು ಬದಲಿಸುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಪಶ್ಚಿಮದಿಂದಲೂ ನೈಋತ್ಯದಿಂದಲೂ ಬಲವಾಗಿ ಬೀಸುವುದು. ನವೆಂಬರಿನಿಂದ ಫೆಬ್ರವರಿಯವರೆಗೆ ಸಾಮಾನ್ಯವಾಗಿ ಪೂರ್ವ ಈಶಾನ್ಯಗಳಿಂದ ಮೆಲ್ಲಗೆ ಬೀಸುವುದು. ಆದುದರಿಂದ ಮೈಸೂರು ರಸ್ತೆಯ ಕಡೆ ಚಳಿಗಾಲದಲ್ಲಿ ಎದ್ದ ಹೊಗೆ ಸಾಮಾನ್ಯವಾಗಿ ಕೆಂಗೇರಿಯ ಕಡೆಗೆ ಸರಿಯುತ್ತದೆ. ಅದೇ ಬೆಂಕಿ ಆಷಾಢದಲ್ಲೋ ಶ್ರಾವಣದಲ್ಲೋ ಬಿದ್ದಿದ್ದರೆ ಗಾಳಿ ಅದನ್ನು ಎತ್ತಿ ತರುತ್ತಿದ್ದುದು ಚಾಮರಾಜಪೇಟೆ, ಗವಿಪುರ, ಬಸವನಗುಡಿಗಳ ಮೇಲೆ. ಶ್ರಾವಣವೆಂದರೆ ಗಾಂಧಿ ಬಜಾರಿಗೆ ಎಂಥ ಕಾಲ! ವರಮಹಾಲಕ್ಷ್ಮಿಯ ಹಿಂದಿನ ದಿನ ತಾವರೆಯನ್ನೂ ಬಾಳೆಯ ಕಂದನ್ನೂ ಕೊಳ್ಳಲು ಬಂದವರ ನಡುವೆ ಒಬ್ಬರು ಹಿಂದೆ ತಿರುಗಿ ನಿಲ್ಲುವುದೂ ಪ್ರಯಾಸವೇ. ಜನಸಂದಣಿ ಹೆಚ್ಚಾಗುವ ದಿನಗಳೂ ಪಶ್ಚಿಮದ ಗಾಳಿಯ ದಿನಗಳೂ ಇಲ್ಲಿ ಒಂದೇ ಆಗಿವೆ.

ಇದಕ್ಕೆ ಸಮಾಧಾನಕರವಾದ ಮತ್ತೊಂದು ಮುಖವೂ ಉಂಟು. ಮಳೆಗಾಲದ ಗಾಳಿ ಬಿರುಸಾದುದರಿಂದ ಅನಿಲವನ್ನು ಬೇಗ ತೆಳುಮಾಡುತ್ತದೆ. ಹೆಚ್ಚು ಅಂಜಿಕೆಯ ಹೊತ್ತು ಕಾರ್ತಿಕ ಮಾರ್ಗಶಿರಗಳ ನಿರಭ್ರ ರಾತ್ರಿಗಳು. ಸೂರ್ಯ ಮುಳುಗಿದ ಮೇಲೆ ನೆಲ ಬೇಗ ತಣ್ಣಗಾಗಿ ತನ್ನ ಮೇಲಿನ ಗಾಳಿಯನ್ನೂ ತಣ್ಣಗಾಗಿಸುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ ಮುಚ್ಚಳದಂತೆ ಕುಳಿತುಕೊಳ್ಳುತ್ತದೆ. ಹಗಲಿನಲ್ಲಿ ಮೇಲೇರಿ ಚದುರಿ ಹೋಗುವ ಹೊಗೆ ಆಗ ಮೇಲೇರಲಾರದು. ಮುಂಜಾನೆ ಲಾಲ್‌ಬಾಗಿನ ಕೆರೆಯ ಮೇಲೆ ಮಂಜು ಚಪ್ಪಟೆಯಾಗಿ ಹಾಸಿಕೊಂಡಿರುವುದನ್ನು ಕಂಡವರಿಗೆ ಈ ಮುಚ್ಚಳದ ಸ್ವರೂಪವನ್ನು ಬೇರೆ ವಿವರಿಸಬೇಕಾಗಿಲ್ಲ. ಬಸವಣ್ಣನ ಗುಡಿಯ ಕಡಲೆಕಾಯಿ ಪರಿಷೆ ನಡೆಯುವುದು ಕಾರ್ತಿಕದ ಕೊನೆಯ ಸೋಮವಾರ, ಇಂಥ ರಾತ್ರಿಗಳಲ್ಲಿಯೇ.

ಭೋಪಾಲದ ದುರಂತ ನಡೆದದ್ದೂ ಅಂಥದೊಂದು ರಾತ್ರಿ. ೧೯೮೪ರ ಡಿಸೆಂಬರ್ ೨-೩ರ ನಡುವಿನ ರಾತ್ರಿ ಕೀಟನಾಶಕದ ಕಾರ್ಖಾನೆಯ ತೊಟ್ಟಿಯೊಂದಕ್ಕೆ ನೀರು ಸೇರಿ, ಸುಮಾರು ೪೦ ಟನ್ನು ಮೀಥೈಲ್ ಐಸೋಸಯನೇಟ್ ಕೆರಳಿ ಹೊರಬಿದ್ದಿತು. ಆ ತೊಟ್ಟಿಯನ್ನು ತಂಪಾಗಿಡಬೇಕಾದ ಶೀತಕ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಇವೆಲ್ಲ ಪದೇ ಪದೇ ಬರೆಯಲ್ಪಟ್ಟ ಸಂಗತಿಗಳು. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಕಾರ್ಖಾನೆಯ ಗೋಡೆಯ ಹೊರಗೆ ನಡೆದುದು. ಊರಿಗೆ ಕೇಳುವ ಸೈರನ್ನನ್ನು ಕೂಗಿಸಿ ಸ್ವಲ್ಪ ಹೊತ್ತಿಗೇ ನಿಲ್ಲಿಸಲಾಯಿತು. ಮತ್ತೆ ಎಡೆಬಿಡದೆ ಕೂಗಿದ್ದು ರಾತ್ರಿ ಸುಮಾರು ೨ ಗಂಟೆಗೆ, ಅನಿಲದ ಬಹುಭಾಗ ಹೊರಬಿದ್ದ ಮೇಲೆ. ಕಣ್ಣುರಿಯಿಂದ ಎಚ್ಚೆತ್ತ ಜನ ಬೀದಿಗಿಳಿದು ಗಾಳಿ ಬೀಸುವ ಕಡೆಗೇ ಓಡಿದರು. ಓಡುವವನು ಕುಳಿತವನಿಗಿಂತ ಹಲವು ಪಾಲು ಹೆಚ್ಚು ಗಾಳಿಯನ್ನು ಎಳೆದುಕೊಳ್ಳುತ್ತಾನೆ. ಆ ಅನಿಲವೋ ಗಾಳಿಗಿಂತ ಎರಡು ಪಾಲು ಭಾರವಾಗಿ ನೆಲವನ್ನೇ ಹಿಡಿದು ಸಾಗುವಂಥದು. ಒದ್ದೆ ಬಟ್ಟೆಯಿಂದ ಮುಖ ಮುಚ್ಚಿಕೊಳ್ಳಿರೆಂಬ ಒಂದು ಮಾತನ್ನಾದರೂ ಮೊದಲೇ ಹೇಳಿಟ್ಟಿದ್ದರೆ ಎಷ್ಟೋ ಮಂದಿ ಉಳಿಯುತ್ತಿದ್ದರೆಂದು ಅನಂತರ ಬಲ್ಲವರು ಹೇಳಿದರು. ಸರ್ಕಾರದ ಲೆಕ್ಕದಲ್ಲೇ ಮೊದಲ ದಿನಗಳಲ್ಲಿ ಸತ್ತವರು ಎರಡು ಸಾವಿರಕ್ಕೂ ಮೇಲೆ.

ಮೂವತ್ತೈದು ವರ್ಷಗಳ ತರುವಾಯ, ೨೦೨೦ರ ಮೇ ೭ರ ಬೆಳಗಿನ ಜಾವ, ವಿಶಾಖಪಟ್ಟಣದ ವೆಂಕಟಾಪುರದಲ್ಲಿ ಸ್ಟೈರೀನಿನ ತೊಟ್ಟಿ ಕಾದು ಆವಿ ಹೊರಬಿದ್ದು ೧೨ ಮಂದಿ ಮಡಿದರು. ಅಲ್ಲಿಯ ಕಾರ್ಖಾನೆಯಲ್ಲಿ ಸೈರನ್ ಇತ್ತು. ಅದನ್ನು ಯಾರೂ ಒತ್ತಲಿಲ್ಲ. ಯಂತ್ರ ಕೆಡುವುದು ಒಂದು ಬಗೆಯ ದೋಷ, ಸುದ್ದಿ ಕೆಡುವುದು ಮತ್ತೊಂದು ಬಗೆಯದು. ಎರಡನೆಯದನ್ನು ತಿದ್ದಲು ತಗಲುವ ವೆಚ್ಚ ಅತ್ಯಲ್ಪ. ಆದರೂ ಎರಡೂ ಕಡೆ ಜನರ ಪಾಲಿಗೆ ಅದೇ ತಪ್ಪಿಹೋಯಿತು.

ಸುದ್ದಿ ಬಂದಿತೆಂದೇ ಇಟ್ಟುಕೊಳ್ಳೋಣ. ಆಗ ಹುಟ್ಟುವ ಪ್ರಶ್ನೆ, ಇರುವುದೋ ಹೋಗುವುದೋ? ಸಾಮಾನ್ಯ ಮನುಷ್ಯನ ಪ್ರವೃತ್ತಿ ಹೋಗುವುದರ ಕಡೆಗೆ. ಲೆಕ್ಕ ಮಾತ್ರ ಬಹಳ ವೇಳೆ ಇರುವುದರ ಕಡೆಗೆ ವಾಲುತ್ತದೆ. ಸೆಕೆಂಡಿಗೆ ೨ ಮೀಟರಿನಂತೆ ಬೀಸುವುದು ಮಂದಮಾರುತವೇ ಸರಿ. ಆದರೂ ಒಂದೂವರೆ ಕಿಲೋಮೀಟರು ದೂರದಿಂದ ಅದು ಹನ್ನೆರಡೂವರೆ ನಿಮಿಷದಲ್ಲಿ, ಮೂರು ಕಿಲೋಮೀಟರಿನಿಂದ ಇಪ್ಪತ್ತೈದು ನಿಮಿಷದಲ್ಲಿ ಬಂದು ಮುಟ್ಟುತ್ತದೆ. ಸುದ್ದಿ ಹುಟ್ಟಿ, ದೂರವಾಣಿಯಲ್ಲಿ ಹೋಗಿ, ಒಬ್ಬ ಅಧಿಕಾರಿ ನಿರ್ಧರಿಸಿ, ಅದು ಜನರ ಕಿವಿಗೆ ಬೀಳುವಷ್ಟರಲ್ಲಿ ಈ ನಿಮಿಷಗಳಲ್ಲಿ ಎಷ್ಟು ಉಳಿದಾವು? ಗಾಂಧಿ ಬಜಾರಿನಿಂದ ಸಂಜೆಯ ಹೊತ್ತು ಒಂದು ಮೋಟಾರು ಹೊರಬೀಳಲು ಹಿಡಿಯುವ ಕಾಲವನ್ನು ಬಲ್ಲವರು ಈ ಪ್ರಶ್ನೆಗೆ ತಾವೇ ಉತ್ತರ ಕೊಟ್ಟುಕೊಳ್ಳಬಹುದು.

ಮನೆಯೊಳಗೇ ಉಳಿದವನಿಗೆ ಸಿಕ್ಕುವ ರಕ್ಷಣೆ ಎಷ್ಟು? ಅದು ಆ ಮನೆಯೊಳಗಿನ ಗಾಳಿ ಗಂಟೆಗೆ ಎಷ್ಟು ಸಲ ಬದಲಾಗುತ್ತದೆ ಎಂಬುದರ ಮೇಲೆ ನಿಂತಿದೆ. ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚಿದ ಮನೆಯಲ್ಲಿ ಎರಡು ಗಂಟೆಗೊಮ್ಮೆ ಗಾಳಿ ಬದಲಾಗುವುದೆನ್ನೋಣ. ವಿಷದ ಮೋಡ ಅರ್ಧ ಗಂಟೆ ಮನೆಯ ಮೇಲೆ ನಿಂತಿದ್ದರೆ ಒಳಗಿನ ಸಾಂದ್ರತೆ ಹೊರಗಿನದರ ನೂರರಲ್ಲಿ ೨೨ ಪಾಲಿಗೆ ಏರುತ್ತದೆ. ಗವಾಕ್ಷಿಗಳು ತೆರೆದಿದ್ದು ಗಂಟೆಗೆ ನಾಲ್ಕು ಸಲ ಗಾಳಿ ಬದಲಾಗುವ ಮನೆಯಲ್ಲಿ ಅದೇ ಅರ್ಧ ಗಂಟೆಯಲ್ಲಿ ಅದು ೮೬ ಪಾಲಿಗೆ ಏರುತ್ತದೆ. ಮೊದಲಿನದು ಆಶ್ರಯ, ಎರಡನೆಯದು ಬರಿಯ ನೆರಳು.

ಬಸವನಗುಡಿಯ ಹಳೆಯ ಮನೆಗಳು ಈ ಎರಡನೆಯ ವರ್ಗದವು ಎಂಬುದೇ ನಾವು ಆರಂಭದಲ್ಲಿ ಸೂಚಿಸಿದ ವಿಪರ್ಯಾಸ. ಮಂಗಳೂರು ಹೆಂಚಿನ ಮಾಡು, ಹೆಂಚಿನ ಸಂದುಗಳಲ್ಲಿ ಆಕಾಶ, ಎಂದಿಗೂ ಮುಚ್ಚಲು ಬಾರದಂತೆ ಜಾಲರಿ ಬಿಗಿದ ಗವಾಕ್ಷಿಗಳು, ನಡುವೆ ತೊಟ್ಟಿಯಿದ್ದರೆ ಕೇಳುವುದೇ ಬೇಡ. ಪ್ಲೇಗಿನ ಭಯದಿಂದ ಬಿಟ್ಟ ಕಿಂಡಿಗಳು ಅವು. ಅಂಥ ಮನೆಗಳು ಈಗ ಕೆಲವೇ ಉಳಿದಿವೆ. ಅವುಗಳ ಜಾಗದಲ್ಲಿ ಎದ್ದ ಮಹಡಿಗಳಲ್ಲಿಯೂ ಬಚ್ಚಲುಮನೆಯ ಗಾಜಿನ ಪಟ್ಟಿಗಳ ಕಿಂಡಿಯೂ ಅಡಿಗೆಮನೆಯ ಹೊಗೆ ಹೊರಹಾಕುವ ಫ್ಯಾನಿನ ರಂಧ್ರವೂ ತೆರೆದೇ ಇರುತ್ತವೆ. ಆದುದರಿಂದ ಇಡೀ ಮನೆಯನ್ನು ಮುಚ್ಚುವ ಪ್ರಯತ್ನ ಇಲ್ಲಿ ಸಾಗದು. ಗಾಳಿ ಬರುವ ದಿಕ್ಕಿಗೆ ಬೆನ್ನು ಮಾಡಿದ, ಕಿಂಡಿ ಕಡಿಮೆಯಿರುವ ಒಂದು ಕೋಣೆಯನ್ನು ಆರಿಸಿಕೊಂಡು, ಬಾಗಿಲ ಕೆಳಗಣ ಸಂದಿಗೆ ಒದ್ದೆ ಬಟ್ಟೆ ತುರುಕಿ, ಗವಾಕ್ಷಿಗೆ ಪ್ಲಾಸ್ಟಿಕ್ ಹಾಳೆಯನ್ನು ಅಂಟುಪಟ್ಟಿಯಿಂದ ಬಿಗಿದು ಅಲ್ಲಿ ಮನೆಮಂದಿಯೆಲ್ಲ ಕೂಡುವುದು ಲೇಸು. ಗ್ಯಾಸ್ ಒಲೆಯನ್ನೂ ದೇವರ ಮುಂದಿನ ದೀಪವನ್ನೂ ಆ ಹೊತ್ತಿಗೆ ಆರಿಸತಕ್ಕದ್ದು. ಅಡಿಗೆಮನೆಯ ಫ್ಯಾನನ್ನು ನಿಲ್ಲಿಸಲೇಬೇಕು. ಅದು ಎಷ್ಟು ಗಾಳಿಯನ್ನು ಹೊರಹಾಕುವುದೋ ಅಷ್ಟನ್ನು ಬೇರೆ ಸಂದುಗಳಿಂದ ಒಳಗೆ ಎಳೆಯುತ್ತದೆ. ಚಾವಣಿಯ ಫ್ಯಾನಿನಿಂದ ಈ ತೊಂದರೆಯಿಲ್ಲ.

ಇಲ್ಲಿ ಬಹುಮಂದಿ ಗಮನಿಸದ ಒಂದು ಅಂಶವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಮುಚ್ಚಿದ ಕೋಣೆಯೊಳಕ್ಕೆ ವಿಷ ಹೇಗೆ ನಿಧಾನವಾಗಿ ಬರುವುದೋ ಹಾಗೆಯೇ ನಿಧಾನವಾಗಿ ಹೋಗುವುದು. ಮೋಡ ದಾಟಿಹೋದ ಮೇಲೆಯೂ ಬಾಗಿಲು ಹಾಕಿಕೊಂಡೇ ಕುಳಿತರೆ ಒಳಗಿನ ಸಾಂದ್ರತೆ ಅರ್ಧಕ್ಕೆ ಇಳಿಯಲು, ನಾವು ಮೇಲೆ ಹಿಡಿದ ಲೆಕ್ಕದಂತೆ, ಒಂದು ಗಂಟೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಗೋಡೆಗಳೂ ಬಟ್ಟೆಬರೆಗಳೂ ಏನನ್ನೂ ಹೀರಿಕೊಳ್ಳದಿದ್ದಲ್ಲಿ, ಕೊನೆಯವರೆಗೂ ಒಳಗೇ ಕುಳಿತವನು ಉಸಿರಾಡಿದ ವಿಷದ ಒಟ್ಟು ಮೊತ್ತ ಹೊರಗೆ ನಿಂತವನು ಉಸಿರಾಡಿದ ಮೊತ್ತಕ್ಕೆ ಸರಿಸಮನಾಗಿಬಿಡುತ್ತದೆ! ಇದು ಗಣಿತದಿಂದ ನೇರವಾಗಿ ಬರುವ ಫಲ. ಹೆಚ್ಚಿನ ಅನಿಲಗಳು ಒಮ್ಮೆಗೇ ಸಾಂದ್ರವಾಗಿ ತಾಗಿದಾಗ ಮಾಡುವ ಕೇಡು ತೆಳುವಾಗಿ ಬಹುಕಾಲ ತಾಗಿದಾಗ ಮಾಡುವುದಕ್ಕಿಂತ ಹೆಚ್ಚು. ಆದುದರಿಂದ ಒಳಗಿದ್ದವನಿಗೆ ಆಗಲೂ ಲಾಭವುಂಟು. ಆದರೆ ಪೂರ್ಣ ಲಾಭ ದೊರೆಯುವುದು, ಮೋಡ ದಾಟಿದ ಕೂಡಲೇ ಬಾಗಿಲು ಕಿಟಕಿಗಳನ್ನೆಲ್ಲ ತೆರೆದು ಹೊರಗೆ ಬಂದವನಿಗೆ. ಮುಚ್ಚಿರೆಂದು ಒಂದು ಸಲ ಹೇಳಿ ಸುಮ್ಮನಾಗುವುದು ಅರ್ಧ ಕೆಲಸ. ತೆರೆಯಿರೆಂದು ಎರಡನೆಯ ಸಲ ಹೇಳುವವರೂ ಇರಬೇಕು. ತೆರೆಯುವ ಗಳಿಗೆಯನ್ನು ಒಳಗಿದ್ದವರು ತಾವಾಗಿ ಅರಿಯಲಾರರು. ಮೂಗು ಇದರಲ್ಲಿ ನಂಬತಕ್ಕ ಸಾಧನವಲ್ಲ. ಹಳಸಿದ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡು ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಮೊದಲು ಕೊಲ್ಲುತ್ತದೆ. ಕಾರ್ಬನ್ ಮೊನಾಕ್ಸೈಡಿಗಂತೂ ವಾಸನೆಯೇ ಇಲ್ಲ.

ಒದ್ದೆ ಬಟ್ಟೆಯ ವಿಷಯವಾಗಿಯೂ ಒಂದು ಮಾತು. ಅದನ್ನು ಸರ್ವರೋಗಕ್ಕೆ ಮದ್ದೆಂದು ತಿಳಿಯಬಾರದು. ಮಂಜುಗಡ್ಡೆಯ ಕಾರ್ಖಾನೆಗಳಲ್ಲಿಯೂ ಶೀತಲ ಉಗ್ರಾಣಗಳಲ್ಲಿಯೂ ಬಳಸುವ ಅಮೋನಿಯಾ ನೀರಿನಲ್ಲಿ ಬಹಳವಾಗಿ ಕರಗುವುದರಿಂದ ಒದ್ದೆ ಬಟ್ಟೆ ಅದನ್ನು ಚೆನ್ನಾಗಿಯೇ ತಡೆಯುತ್ತದೆ, ಪಿ.ವಿ.ಸಿ. ಉರಿದಾಗ ಬರುವ ಹೈಡ್ರೋಕ್ಲೋರಿಕ್ ಆಮ್ಲದ ಆವಿಯನ್ನೂ ಹಾಗೆಯೇ. ಕ್ಲೋರೀನನ್ನು ತಕ್ಕಮಟ್ಟಿಗೆ ತಡೆದೀತು. ದ್ರಾವಕಗಳ ಆವಿಗೆ ಅದರಿಂದ ಆಗುವ ತಡೆ ಅಲ್ಪ. ಕಾರ್ಬನ್ ಮೊನಾಕ್ಸೈಡಿಗೆ ಅದು ಇದ್ದೂ ಇಲ್ಲದಂತೆ. ಅನಿಲದ ಹೆಸರು ತಿಳಿಯದೆ ಉಪಾಯ ಹೇಳುವುದು ಕುರುಡನ ಕೈಗೆ ಕನ್ನಡಿ ಕೊಟ್ಟಂತೆ. ಆದುದರಿಂದ ಉಗ್ರಾಣದಲ್ಲಿ ಏನಿತ್ತೆಂಬ ಪಟ್ಟಿ ಅಗ್ನಿಶಾಮಕ ದಳದವರಲ್ಲಿ ಬೆಂಕಿಗೆ ಮುಂಚೆಯೇ ಇರಬೇಕಾದದ್ದು ಅತ್ಯಾವಶ್ಯಕ.

ಹೋಗಲೇಬೇಕಾದ ಸಂದರ್ಭವೂ ಉಂಟು: ಬೆಂಕಿ ತೀರ ಹತ್ತಿರವಿದ್ದಾಗ, ಮನೆ ಮುಚ್ಚಲು ಬಾರದಿದ್ದಾಗ, ಹೊಗೆ ದಿನಗಟ್ಟಲೆ ಬರುವಂತಿದ್ದಾಗ. ಆಗ ಗಾಳಿಯೊಡನೆಯೂ ಓಡಬಾರದು, ಗಾಳಿಗೆ ಎದುರಾಗಿಯೂ ಓಡಬಾರದು; ಅದಕ್ಕೆ ಅಡ್ಡವಾಗಿ ಸಾಗಬೇಕು. ಪಶ್ಚಿಮದ ಗಾಳಿಯ ದಿನ ಗಾಂಧಿ ಬಜಾರಿನ ಜನಕ್ಕೆ ತಟ್ಟನೆ ನೆನಪಾಗುವ ಬಯಲೆಂದರೆ ಲಾಲ್‌ಬಾಗು. ಅದು ಇರುವುದು ಪೂರ್ವಕ್ಕೆ, ಮೋಡ ಹೋಗುವ ದಾರಿಯಲ್ಲಿಯೇ. ಆ ದಿನ ಅಲ್ಲಿಗೆ ಹೋಗುವುದು ಕೂಡದು. ದಕ್ಷಿಣಕ್ಕೆ ತ್ಯಾಗರಾಜನಗರದ ಕಡೆಗೋ ಉತ್ತರಕ್ಕೆ ವಿಶ್ವೇಶ್ವರಪುರದ ಕಡೆಗೋ, ಯಾವುದು ಹೊಗೆಯ ಅಂಚಿಗೆ ಹತ್ತಿರವೋ ಆ ಕಡೆಗೆ, ಹೋಗುವುದೇ ಸರಿ. ಗಾಳಿಯಾಡದ ರಾತ್ರಿ ಭಾರವಾದ ಅನಿಲ ಸೋರಿದ್ದಾದರೆ ದಿಕ್ಕಿಗಿಂತಲೂ ಏರುತಗ್ಗುಗಳು ಮುಖ್ಯವಾಗುತ್ತವೆ. ಕ್ಲೋರೀನು ಗಾಳಿಗಿಂತ ಎರಡೂವರೆ ಪಾಲು ಭಾರ, ಸ್ಟೈರೀನಿನ ಆವಿ ಮೂರೂವರೆ ಪಾಲಿಗೂ ಮೇಲೆ. ಇವು ನೀರಿನಂತೆ ತಗ್ಗನ್ನು ಹುಡುಕಿಕೊಂಡು ಹರಿಯುತ್ತವೆ. ಕೆಂಪಾಂಬುಧಿಯ ತಗ್ಗಿನಲ್ಲಿಯೂ ವೃಷಭಾವತಿಯ ಕಣಿವೆಯಲ್ಲಿಯೂ ಇರುವ ಮನೆಗಳಿಗೆ ಆಗ ಹೆಚ್ಚು ಅಪಾಯ; ಕಹಳೆ ಬಂಡೆಯ ಏರಿನ ಮೇಲಿರುವವರಿಗೆ ಕಡಿಮೆ. ನಮ್ಮ ನಗರದಲ್ಲಿ ಬಡವರ ಮನೆಗಳು ಎಲ್ಲಿರುತ್ತವೆಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲವಷ್ಟೆ.

ಹೊಗೆಯನ್ನು ಬೆಂಕಿಗಿಂತ ಕಿರಿದಾದ ಕೇಡೆಂದು ಎಣಿಸುವ ವಾಡಿಕೆಯುಂಟು. ೨೦೧೦ರ ಫೆಬ್ರವರಿ ೨೩ರಂದು ಹಳೆಯ ವಿಮಾನನಿಲ್ದಾಣದ ರಸ್ತೆಯ ಕಾರ್ಲ್‌ಟನ್ ಟವರ್ಸಿನಲ್ಲಿ ೯ ಮಂದಿ ಸತ್ತಾಗ ಬೆಂಕಿ ಇದ್ದದ್ದು ವಿದ್ಯುತ್ ತಂತಿಗಳ ಕೊಳವೆದಾರಿಯಲ್ಲಿ. ಜನರನ್ನು ಉಸಿರುಕಟ್ಟಿಸಿದ್ದೂ ಕಿಟಕಿಯಿಂದ ಧುಮುಕುವಂತೆ ಮಾಡಿದ್ದೂ ಆ ದಾರಿಯಲ್ಲಿ ಮೇಲೇರಿದ ಹೊಗೆ. ೨೦೧೮ರ ಜನವರಿಯಲ್ಲಿ ಬೆಳ್ಳಂದೂರು ಕೆರೆಯೇ ಹೊತ್ತಿಕೊಂಡು, ಸೇನೆಯವರು ಬಂದು ಆರಿಸಬೇಕಾದಾಗ, ಸುತ್ತಲಿನ ಬಡಾವಣೆಗಳ ಮೇಲೆ ಹೊಗೆ ಮುಸುಕಿತ್ತು. ಅಂಥ ಹೊತ್ತಿನಲ್ಲಿ ಜನ ಮೊಬೈಲಿನಲ್ಲಿ ವಾಯುಗುಣಮಟ್ಟದ ಸೂಚ್ಯಂಕವನ್ನು ನೋಡುವುದು ಈಗ ರೂಢಿ. ಅದು ಬೇರೊಂದು ಕೆಲಸಕ್ಕಾಗಿ ಮಾಡಿದ ಅಳತೆಗೋಲು ಎಂಬುದನ್ನು ಮರೆಯಬಾರದು. ಆ ಸೂಚ್ಯಂಕ ಸೂಕ್ಷ್ಮ ಕಣಗಳ ಮಟ್ಟಿಗೆ ೨೪ ಗಂಟೆಗಳ ಸರಾಸರಿಯ ಮೇಲೆ ನಿಂತಿದೆ. ಒಂದು ಗಂಟೆ ಕಾಲ ಘನಮೀಟರಿಗೆ ೧೦೦೦ ಮೈಕ್ರೋಗ್ರಾಮಿನಷ್ಟು ಹೊಗೆ ಮುಸುಕಿ, ಉಳಿದ ೨೩ ಗಂಟೆ ೩೦ ಮೈಕ್ರೋಗ್ರಾಮು ಮಾತ್ರ ಇದ್ದರೆ, ಸರಾಸರಿ ಬರುವುದು ೭೦. ಸೂಚ್ಯಂಕದ ಭಾಷೆಯಲ್ಲಿ ಅದು 'ಮಧ್ಯಮ'. ಆಸ್ತಮಾ ರೋಗಿಯ ಪಾಲಿಗೆ ಆ ಒಂದು ಗಂಟೆ ಮಧ್ಯಮವಾಗಿರಲಾರದು. ಹೊಸಗುಡ್ಡದಹಳ್ಳಿಗೆ ಸಮೀಪದ ಬಾಪೂಜಿನಗರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಲಿಯ ಮಾಪನಕೇಂದ್ರವೊಂದುಂಟು. ಅಂಥ ಕೇಂದ್ರಗಳು ಅಳೆಯುವುದು ಕಣಗಳನ್ನೂ ನಿತ್ಯದ ಕೆಲವು ಅನಿಲಗಳನ್ನೂ. ಕ್ಲೋರೀನು ಬಂದರೆ ಅದನ್ನು ಗುರುತಿಸುವುದು ಅವುಗಳ ಕೆಲಸವಲ್ಲ.

ಕಾನೂನಿನ ಕಡೆ ನೋಡಿದರೆ ಸ್ಥಿತಿ ಹೀಗಿದೆ. ಭೋಪಾಲದ ಪೆಟ್ಟಿನಿಂದಲೂ, ೧೯೮೫ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಓಲಿಯಮ್ ಸೋರಿದ ಪೆಟ್ಟಿನಿಂದಲೂ ಎಚ್ಚೆತ್ತು ನಮ್ಮ ದೇಶ ೧೯೮೬ರಲ್ಲಿ ಪರಿಸರ ಸಂರಕ್ಷಣಾ ಅಧಿನಿಯಮವನ್ನೂ, ೧೯೮೯ರಲ್ಲಿ ಅಪಾಯಕರ ರಾಸಾಯನಿಕಗಳ ತಯಾರಿಕೆ ಮತ್ತು ಸಂಗ್ರಹಣೆಯ ನಿಯಮಗಳನ್ನೂ, ೧೯೯೬ರಲ್ಲಿ ರಾಸಾಯನಿಕ ಅಪಘಾತಗಳ ನಿಯಮಗಳನ್ನೂ ಮಾಡಿಕೊಂಡಿತು. ಇವು ಒಳ್ಳೆಯ ನಿಯಮಗಳು. ಸುತ್ತಲಿನ ಜನಕ್ಕೆ ಅಪಾಯವನ್ನು ಮುಂಚಿತವಾಗಿ ತಿಳಿಸಬೇಕು, ಆವರಣದ ಹೊರಗಿನ ಯೋಜನೆ ಇರಬೇಕು, ಜಿಲ್ಲೆಗೂ ಸ್ಥಳಕ್ಕೂ ವಿಪತ್ತು ಸಮಿತಿಗಳಿರಬೇಕು, ಎಂದೆಲ್ಲ ಅವು ವಿಧಿಸುತ್ತವೆ. ಆದರೆ ಆ ಕಟ್ಟಲೆಗಳ ಭಾರ ಬೀಳುವುದು ಗೊತ್ತಾದ ಪ್ರಮಾಣಕ್ಕೆ ಮೇಲ್ಪಟ್ಟು ರಾಸಾಯನಿಕವನ್ನು ಇಟ್ಟುಕೊಂಡವರ ಮೇಲೆ. ಕ್ಲೋರೀನಿಗೆ ಆ ಗೆರೆ ೧೦ ಟನ್ನು. ಸುಮಾರು ೯೦೦ ಕಿಲೋಗ್ರಾಮಿನ ಒಂದು ಸಿಲಿಂಡರು ಒಂದು ಕೇರಿಯನ್ನು ಆಸ್ಪತ್ರೆಗೆ ಕಳುಹಿಸಲು ಸಾಕು. ಅದು ಗೆರೆಯ ಬಹು ಕೆಳಗೆ. ಸ್ಥಳೀಯ ಸಮಿತಿಗಳೂ ಕೈಗಾರಿಕಾ ವಲಯಗಳಿಗೆ ಏರ್ಪಟ್ಟವು. ಬಸವನಗುಡಿ ಕೈಗಾರಿಕಾ ವಲಯವಲ್ಲ. ಹೀಗೆ, ದೊಡ್ಡ ಕಾರ್ಖಾನೆಯ ಪಕ್ಕದಲ್ಲಿರುವವನಿಗೆ ಕಾಗದದ ಮೇಲಾದರೂ ಒಂದು ಯೋಜನೆಯಿದೆ; ಚಿಕ್ಕ ಗೋದಾಮಿನ ಪಕ್ಕದಲ್ಲಿರುವವನಿಗೆ ಅದೂ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ಇಡೀ ವ್ಯವಸ್ಥೆಯ ದೊಡ್ಡ ಬಿರುಕು ಇದೇ. ಗೆರೆಯನ್ನು ಟನ್ನುಗಳಲ್ಲಿ ಮಾತ್ರವೇ ಎಳೆಯದೆ, ಸುತ್ತಲಿನ ನಾನೂರು ಐನೂರು ಮೀಟರಿನಲ್ಲಿ ಎಷ್ಟು ಜನ ಮಲಗುತ್ತಾರೆಂಬುದನ್ನೂ ಲೆಕ್ಕಕ್ಕೆ ಹಿಡಿದು ಎಳೆಯತಕ್ಕದ್ದು.

ಸುದ್ದಿ ಮುಟ್ಟಿಸುವ ಸಾಧನಗಳು ಮೊದಲಿಗಿಂತ ಉತ್ತಮವಾಗಿವೆ. ೨೦೨೩ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಎಚ್ಚರಿಕೆಯ ಪರೀಕ್ಷೆ ನಡೆದಾಗ ಒಂದು ಪ್ರದೇಶದ ಮೊಬೈಲುಗಳೆಲ್ಲ ಒಟ್ಟಿಗೆ ಕೂಗಿಕೊಂಡದ್ದು ಬೆಂಗಳೂರಿನ ಹಲವರಿಗೆ ನೆನಪಿರಬಹುದು. ೨೦೨೫ರ ಮೇ ೭ರ ನಾಗರಿಕ ರಕ್ಷಣಾ ಅಣಕು ಕಾರ್ಯಾಚರಣೆಯಲ್ಲಿ ನಗರದ ಕೆಲವೆಡೆ ಸೈರನ್ನುಗಳೂ ಕೂಗಿದುವು. ಕೂಗು ಎಚ್ಚರಿಸುತ್ತದೆ, ಆದರೆ ಏನು ಮಾಡಬೇಕೆಂದು ಹೇಳುವುದಿಲ್ಲ. 'ಪಶ್ಚಿಮದಿಂದ ಹೊಗೆ ಬರುತ್ತಿದೆ. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಮುಂದಿನ ಸೂಚನೆಯವರೆಗೆ ಲಾಲ್‌ಬಾಗಿನ ಕಡೆ ಹೋಗಬೇಡಿ' ಎಂಬಂಥ ಮೂರು ವಾಕ್ಯಗಳನ್ನು, ಗಾಳಿಯ ಎಂಟು ದಿಕ್ಕಿಗೂ ಬೇರೆ ಬೇರೆಯಾಗಿ, ಕನ್ನಡದಲ್ಲಿ ಮುಂಚೆಯೇ ಬರೆದಿಟ್ಟಿರಬೇಕು. ಗೊಂದಲದ ಗಳಿಗೆಯಲ್ಲಿ ಯಾರೂ ಒಳ್ಳೆಯ ವಾಕ್ಯ ಬರೆಯಲಾರರು. ಈ ಬಡಾವಣೆಯ ದೇವಸ್ಥಾನಗಳು, ಮಸೀದಿಗಳು, ರಾಮೋತ್ಸವದ ಮಂಟಪಗಳು, ಕಾಲೇಜುಗಳು ಇವೆಲ್ಲಕ್ಕೂ ಧ್ವನಿವರ್ಧಕಗಳಿವೆ. ಮುಚ್ಚುವ ಸೂಚನೆಗೂ ತೆರೆಯುವ ಸೂಚನೆಗೂ ಅವುಗಳನ್ನು ಬಳಸುವ ಒಪ್ಪಂದಕ್ಕೆ ಹಣವೇ ಬೇಕಿಲ್ಲ.

ಇಷ್ಟು ಹೇಳಿಯೂ ನಮ್ಮ ಲೆಕ್ಕದಲ್ಲಿ ಹಿಡಿಯದೆ ಉಳಿದವರು ಒಂದು ವರ್ಗದವರಿದ್ದಾರೆ. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿರೆಂಬ ಮಾತಿಗೆ ಮನೆಯುಳ್ಳವರು ಮಾತ್ರ ಅರ್ಥ ಕೊಡಬಲ್ಲರು. ಗಾಂಧಿ ಬಜಾರಿನ ಪಾದಚಾರಿ ದಾರಿಯಲ್ಲಿ ಬುಟ್ಟಿಯ ಮುಂದೆ ಕುಳಿತು ಮಲ್ಲಿಗೆ ಮಾರುವ ಹೆಂಗಸು, ಆಟೋ ನಿಲ್ಲಿಸಿಕೊಂಡಿರುವ ಚಾಲಕ, ಬಾಳೆಕಂದಿನ ಹೊರೆ ಇಳಿಸಿ ಅದರ ಪಕ್ಕದಲ್ಲೇ ರಾತ್ರಿ ಮಲಗುವ ಹಳ್ಳಿಯ ರೈತ, ಇವರಿಗೆ ಯಾವ ಬಾಗಿಲು? ಅಂಗಡಿಗಳ ಕಬ್ಬಿಣದ ಸುರುಳಿಬಾಗಿಲು ಗಾಳಿಯನ್ನು ಪೂರ್ತಿ ತಡೆಯದಿದ್ದರೂ ಒಳಗಣ ಉಗ್ರಾಣದ ಕೋಣೆ ತಕ್ಕಮಟ್ಟಿಗೆ ತಡೆಯುತ್ತದೆ. ಕಲ್ಯಾಣಮಂಟಪಗಳ ಒಳಕೋಣೆಗಳೂ ಶಾಲೆಗಳ ಸಭಾಂಗಣಗಳೂ ಹತ್ತಿರದಲ್ಲೇ ಇವೆ. ಯಾವ ಅಂಗಡಿ ಯಾವ ಸಾಲಿನ ಮಾರಾಟಗಾರರನ್ನು ಒಳಗೆ ಕರೆದುಕೊಳ್ಳಬೇಕು, ಯಾವ ಮಂಟಪದ ಬೀಗದ ಕೈ ಹಬ್ಬದ ರಾತ್ರಿ ಯಾರಲ್ಲಿರಬೇಕು ಎಂಬುದನ್ನು ವರ್ತಕರ ಸಂಘವೂ ಬೀದಿ ಮಾರಾಟಗಾರರೂ ಒಂದು ಮಧ್ಯಾಹ್ನ ಕುಳಿತು ಹೆಸರು ಹೆಸರಾಗಿ ಬರೆದುಕೊಳ್ಳಬಹುದು. ಆ ಪಟ್ಟಿ ಸಿದ್ಧವಾಗಬೇಕಾದದ್ದು ಆಷಾಢ ಮುಗಿಯುವುದರೊಳಗೆ, ಶ್ರಾವಣದ ಹೂವಿನ ಬುಟ್ಟಿಗಳು ಬೀದಿಗೆ ಬಂದು ಇಳಿಯುವ ಮುನ್ನ.